ಐದು ಸಲ ಮಾರಿದ ಬಾಳೆತೋಟ

ಈ ಬರಹದಲ್ಲಿರುವ ಬುದ್ಧಿ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ: ಎರಡು ಟ್ರ್ಯಾಕ್ಟರ್ ಬಾಳೆ ಕಂದು, ಅವನ್ನು ನೆಟ್ಟವರ ನಾಲ್ಕು ದಿನದ ಕೂಲಿ, ನಾನು ಆಸೆಪಟ್ಟು ಕೊಂಡಿದ್ದ ಮೋಟರ್ ಬೈಕು, ಮತ್ತು ಬುಕ್ಕಸಾಗರದ ಒಬ್ಬ ಹೆಣ್ಣುಮಗಳು ನನ್ನನ್ನು ‘ಅಣ್ಣಾ’ ಎಂದು ಕರೆಯುತ್ತಿದ್ದದ್ದು. ಮೊದಲ ಮೂರಕ್ಕೆ ಬೆಲೆ ಕಟ್ಟಬಹುದು. ಬೆಲೆ ಕಟ್ಟುವುದೇ ನನ್ನ ಕಸುಬಾಗಿದ್ದರೂ ನಾಲ್ಕನೆಯದಕ್ಕೆ ಕಟ್ಟಲು ಆಗಲಿಲ್ಲ. ಇಷ್ಟು ಖರ್ಚು ಯಾಕಾಯಿತೆಂದರೆ, ಒಂದೇ ಬಾಳೆತೋಟವನ್ನು ನಾನು ಒಂದೇ ಹಂಗಾಮಿನಲ್ಲಿ ಐದು ಸಲ ಮಾರಿಸಿದೆ. ಪ್ರತಿ ಸಲವೂ ಬೆಲೆ ಏರಿತು. ಪ್ರತಿ ಸಲವೂ ನನಗೆ ದಲ್ಲಾಳಿ, ಎಂದರೆ ಕಮಿಷನ್, ಬಂತು. ತೋಟ ಮಾತ್ರ ಹಾಳಾಯಿತು. ಇದು ಹೇಗಾಯಿತೆಂದು ನನಗೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ತಿಳಿದಷ್ಟು ಬರೆಯುತ್ತೇನೆ, ತಿಳಿಯದ್ದನ್ನೂ ಬರೆಯುತ್ತೇನೆ.

ನಾನು ಹೊಸಪೇಟೆಯಲ್ಲಿ ಬಾಳೆತೋಟದ ದಲ್ಲಾಳಿಯಾಗಿದ್ದವನು. ಮೊದಲು ಗೊನೆ ಹೊರುವ ಹಮಾಲಿ, ಆಮೇಲೆ ಲಾರಿಗೆ ಪೇರಿಸುವವ, ಆಮೇಲೆ ದಲ್ಲಾಳಿ. ಹೇಗೆ ಮೇಲೆ ಬಂದೆ ಎಂಬ ಪುರಾಣ ಬೇಡ. ಈಗ ಹೊಸದಾಗಿ ಈ ಕೆಲಸಕ್ಕೆ ಬರುವವರು ಫೋನು ಹಿಡಿದುಕೊಂಡೇ ಬರುತ್ತಾರೆ. ಅವರಿಗೆ ಉಪಯೋಗಕ್ಕೆ ಬರುವ ಮಾತುಗಳನ್ನಷ್ಟೇ ಇಲ್ಲಿ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಪಂಪಣ್ಣ. ಹಂಪಿಯ ಸುತ್ತಲಿನ ತೋಟಗಳಲ್ಲಿ ಯಾವ ಬದುವಿನ ಮೇಲೆ ಹಾವಿನ ಹುತ್ತ ಇದೆ ಎನ್ನುವುದೂ ಅವರಿಗೆ ಗೊತ್ತಿತ್ತು. ಮೊದಲ ಸಲ ಒಬ್ಬನನ್ನೇ ತೋಟ ಎಣಿಸಲು ಕಳಿಸಿದಾಗ ನಾನು ಕಾಲುವೆಯ ಕಡೆಯ ನಾಲ್ಕು ಸಾಲು ನೋಡಿ, ಉಳಿದದ್ದನ್ನು ಅದೇ ಅಂದಾಜಿನಲ್ಲಿ ಗುಣಿಸಿಕೊಂಡು ಬಂದೆ. ಕಡಿಯುವ ದಿನ ನೋಡಿದರೆ ಒಳಗಿನ ಸಾಲಿನ ಗೊನೆಗಳು ಬೆಂಡೆಕಾಯಿಯ ಹಾಗಿದ್ದವು. ಕೊಂಡ ವ್ಯಾಪಾರಿ ನನ್ನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ.

“ಏನಲೇ, ತ್ವಾಟದೊಳಗ ಹೊಕ್ಕಿದ್ದೋ ಇಲ್ಲೋ?” ಎಂದರು ಪಂಪಣ್ಣ.

“ಒಳಗ ಭಾಳ ಕೆಸರಿತ್ರಿ.”

“ಕೆಸರು ಇತ್ತಂತ! ಹೆಣ್ಣು ನೋಡಾಕ ಹೋದಾವ ಬಾಗಲದಾಗ ಆಕಿ ತಂಗಿನ್ನ ನೋಡಿ ಒಪ್ಪಿ ಬಂದಂಗಾತು. ನಾಳಿಂದ ಚಪ್ಲಿ ಬಿಟ್ಟು ಹೋಗು. ಕಾಲಿಗೆ ಕೆಸರು ಮೆತ್ತಿಲ್ಲಂದ್ರ ನಿನ್ನ ರೇಟು ನಾ ಕೇಳಂಗಿಲ್ಲ.”

ಅವರು ಖರೇನೇ ಕೇಳುತ್ತಿರಲಿಲ್ಲ. ಸಂಜೆ ರೇಟು ಹೇಳಲು ಹೋದರೆ ಮೊದಲು ನನ್ನ ಪಾದ ನೋಡುತ್ತಿದ್ದರು.

ನಮ್ಮ ಕಡೆ ತೋಟದ ವ್ಯಾಪಾರ ಗಿಡದ ಮೇಲೇ ಆಗುತ್ತದೆ. ಗೊನೆ ಇನ್ನೂ ಎಳಸಾಗಿರುವಾಗಲೇ ವ್ಯಾಪಾರಿ ಬಂದು ಇಡೀ ತೋಟಕ್ಕೆ ಒಂದು ಬೆಲೆ ಮಾತಾಡಿ, ಮುಂಗಡವಾಗಿ ಸಂಚಕಾರ ಕೊಡುತ್ತಾನೆ. ಗೊನೆ ಬಲಿಯುವವರೆಗೆ ನೀರು, ಗೊಬ್ಬರ, ಆನಿಕೆಗೆ ಕೊಡುವ ಕೋಲು ಎಲ್ಲ ತೋಟದವರದು. ಕಡಿಯುವ ಹಕ್ಕು ಕೊಂಡವನದು. ಬೆಲೆ ಕುದುರಿದ ದಿನ ಕೊಂಡವನು ಸುಣ್ಣದ ನೀರಿನಲ್ಲಿ ಅಂಗೈ ಅದ್ದಿ ತೋಟದ ಬಾಯಿಯ ಮೊದಲ ಗಿಡಕ್ಕೆ ಒತ್ತಬೇಕು. ಆ ಕೈಗುರುತು ಬಿತ್ತೆಂದರೆ ತೋಟದವರು ಮನೆಯ ಪೂಜೆಗೂ ಒಂದು ಚಿಪ್ಪು ಕೊಯ್ಯುವುದಿಲ್ಲ. ಯಾರ ಕೈಗುರುತೋ ಅವರ ಕುಡುಗೋಲು. ಮಾರಿದರೆ ಹೊಸಬ ಬಂದು ಹಳೆಯ ಗುರುತಿನ ಮೇಲೆ ತನ್ನ ಕೈ ಒತ್ತುತ್ತಾನೆ. ಕಾಗದವಿಲ್ಲ, ಸಹಿ ಇಲ್ಲ. ನಾನು ನೋಡಿದಷ್ಟು ವರ್ಷ ಇದರಲ್ಲಿ ತಕರಾರು ಬಂದಿರಲಿಲ್ಲ, ಯಾಕೆಂದರೆ ಕೈ ಒತ್ತಲು ಮನುಷ್ಯ ತೋಟಕ್ಕೆ ಬರಲೇಬೇಕಿತ್ತು.

ಆಮೇಲೆ ಸಂಡೂರಿನ ಅದಿರಿನ ವರ್ಷಗಳು ಬಂದವು. ಕೆಂಪು ಧೂಳು ಹೊಸಪೇಟೆಯ ಹಣ್ಣಿನ ಅಂಗಡಿಗಳ ಮೇಲೂ ಕುಳಿತಿತು. ಗಾದಿಗನೂರಿನ ಕಡೆ ಜೋಳದ ಹೊಲದಲ್ಲಿ ಅದಿರಿನ ಗುಡ್ಡೆ ಬಿದ್ದರೆ ಜೋಳಕ್ಕಿಂತ ಹೆಚ್ಚು ಬಾಡಿಗೆ ಬರುತ್ತಿತ್ತು. ಲಾರಿ ಇಟ್ಟವರು ಮತ್ತೊಂದು ಲಾರಿಗೆ ಬುಕ್ ಮಾಡುತ್ತಿದ್ದರು. ಲಾರಿ ಬರುವ ಮೊದಲೇ ಆ ಬುಕಿಂಗ್ ಚೀಟಿಯನ್ನು ಮೇಲಿನ ದುಡ್ಡಿಗೆ ಮಾರುತ್ತಿದ್ದರು. ಎಲ್ಲಿ ನೋಡಿದರೂ ‘ಬೆಳವಣಿಗೆ, ಬೆಳವಣಿಗೆ’ ಎಂಬ ಮಾತು. ನನಗೂ ಖುಷಿಯೇ. ಡ್ರೈವರುಗಳ ಊಟದ ಮೆಸ್ಸುಗಳಿಗೆ ದಿನಕ್ಕೆ ಎಷ್ಟು ಬಾಳೆಹಣ್ಣು, ಎಷ್ಟು ಬಾಳೆಎಲೆ! ಆ ವರ್ಷಗಳಲ್ಲಿ ದರ ಹೇಳಿದ್ದೇ ದರ. ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಮಾತಾಡುವ ಪದ್ಧತಿ ಆಗಲೇ ಬಿಟ್ಟುಹೋಯಿತು. ಇಷ್ಟು ಎಂದು ಬಾಯಿಬಿಟ್ಟು ಕೇಳಿದರೆ ಅಷ್ಟೇ ಕೊಡುವವನಿದ್ದಾಗ ಟವೆಲು ಯಾಕೆ?

ಅದಿರು ನಿಂತಿತು. ಲಾರಿಗಳು ರಸ್ತೆ ಬದಿಯಲ್ಲಿ ಟೈರು ಬಿಚ್ಚಿಕೊಂಡು ನಿಂತವು. ಮಾಲು ಕಾಣದೆ ಚೀಟಿ ಮಾರಿ ದುಡ್ಡು ಮಾಡುವ ಚಾಳಿ ಮಾತ್ರ ನಿಲ್ಲಲಿಲ್ಲ. ಕೈಯಲ್ಲಿ ಉಳಿದ ಹಣ ಹಿಡಿದುಕೊಂಡು ಕೆಲವರು ಸೈಟಿಗೆ ಹೋದರು, ಕೆಲವರು ಶೇರಿಗೆ ಹೋದರು. ಒಂದಿಬ್ಬರು ನನ್ನ ಹತ್ತಿರ ಬಂದರು.

ಹುಲಿಗೆಮ್ಮನ ತೋಟದ ಕಥೆ ಇಲ್ಲಿಂದ ಶುರು. ಬುಕ್ಕಸಾಗರದಲ್ಲಿ ಕಾಲುವೆಗೆ ಹತ್ತಿಕೊಂಡು ಎರಡು ಎಕರೆ. ವರ್ಷಗಳಿಂದ ಅದರ ವ್ಯಾಪಾರ ನನ್ನ ಮೂಲಕವೇ. ಗಂಡ ಭತ್ತದ ಗದ್ದೆ ನೋಡಿಕೊಳ್ಳುತ್ತಿದ್ದ, ಬಾಳೆ ಪೂರ್ತಿ ಆಕೆಯದೇ. ಯಾವ ಗಿಡದ ಬುಡದಲ್ಲಿ ಯಾವ ಮರಿಗಂದು ಉಳಿಸಬೇಕು, ಯಾವುದನ್ನು ಕಿತ್ತೆಸೆಯಬೇಕು ಎಂದು ಆಕೆ ಕೂಸು ನೋಡುವಂತೆ ನೋಡುತ್ತಿದ್ದಳು. ಬಾಳೆಯಲ್ಲಿ ತಾಯಿಗಿಡದ ಗೊನೆ ಒಂದು ಬೆಳೆ. ಅದನ್ನು ಕಡಿದ ಮೇಲೆ ಮರಿಗಂದು ಎದ್ದು ಕೊಡುವುದು ಮುಂದಿನ ವರ್ಷದ ಬೆಳೆ. ಆಕೆಗೆ ಮೊದಲನೆಯದಕ್ಕಿಂತ ಎರಡನೆಯದರ ಚಿಂತೆಯೇ ಹೆಚ್ಚು.

ಆ ವರ್ಷ ತೋಟ ಕೊಂಡವರು ಹೊಸಪೇಟೆಯ ಹಣ್ಣಿನ ವ್ಯಾಪಾರಿ ಸಾದಿಕ್ ಸಾಹೇಬರು. ಬಂದರು, ಕೆಸರಿನಲ್ಲಿ ನಡೆದರು, ಕೈ ಒತ್ತಿದರು, ಪೂರ್ತಿ ಹಣವನ್ನು ಒಂದೇ ಕಂತಿನಲ್ಲಿ ಕೊಟ್ಟರು. ಹುಲಿಗೆಮ್ಮ ಆ ಹಣದಲ್ಲಿ ಗೊಬ್ಬರ ತರಿಸಿದಳು, ಮನೆಯ ಮಾಳಿಗೆ ಸರಿಮಾಡಿಸಿದಳು. ಇಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಇಲ್ಲಿಯವರೆಗೇ.

ಕೆಲಸಕ್ಕೆ ಅನುಕೂಲವಾಗಲೆಂದು ನಾನೊಂದು ವಾಟ್ಸಾಪ್ ಗುಂಪು ಮಾಡಿದ್ದೆ. ತೋಟದ ಫೋಟೋ ಹಾಕುವುದು, ಬೆಲೆ ಕೇಳುವುದು. ಹುಲಿಗೆಮ್ಮನ ಗೊನೆಗಳ ಫೋಟೋ ಹಾಕಿದ ದಿನವೇ ಕಂಪ್ಲಿಯ ರೈಸ್ ಮಿಲ್ಲಿನ ವೀರೇಶಪ್ಪ ಫೋನು ಮಾಡಿದರು. “ಸಾಹೇಬ್ರು ಕೊಡ್ತಾರೇನು ಕೇಳು. ಯುಗಾದಿಗೆ ರೇಟು ಏರ್ತೈತಿ.” ಸಾಹೇಬರು ಲಾಭ ಇಟ್ಟುಕೊಂಡು ಕೊಟ್ಟರು. ವೀರೇಶಪ್ಪ ಕೈ ಒತ್ತಲು ಬರಲಿಲ್ಲ. “ನಾಳೆ ಬರ್ತೀನಿ, ಫೋಟೋ ಐತಲ್ಲ” ಎಂದರು. ವಾರದೊಳಗೆ ಸಂಡೂರಿನ ಒಬ್ಬ ಲಾರಿ ಮಾಲೀಕ ಅವರಿಂದ ಕೊಂಡ. ಅವನಿಂದ ಗಾದಿಗನೂರಿನ ಕಂಟ್ರಾಕ್ಟರ್ ಒಬ್ಬ ಕೊಂಡ. ಎಲ್ಲವೂ ಫೋನಿನಲ್ಲಿ. ಮೊದಲಿನ ಬೆಲೆಯ ಒಂದೂವರೆ ಪಟ್ಟಾಯಿತು. ಫೋಟೋ ಅದೇ, ನಾನು ಮೊದಲ ದಿನ ತೆಗೆದದ್ದು. ಫೋಟೋದಲ್ಲಿ ಕಾಯಿ ಹಸಿರಾಗಿಯೇ ಇತ್ತು. ತೋಟದಲ್ಲಿ ಹಾಗಿರಲಿಲ್ಲ.

ನನಗೆ ಪ್ರತಿ ಸಲ ದಲ್ಲಾಳಿ. ಸುಳ್ಳು ಹೇಳುವುದಿಲ್ಲ, ಮಜಾ ಅನ್ನಿಸಿತು. ಮೊದಲೆಲ್ಲ ಇಷ್ಟು ದುಡಿಯಲು ನಾಲ್ಕು ತೋಟ ಸುತ್ತಬೇಕಿತ್ತು. ಈಗ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಆಯಿತು. ಆ ಹಣದಲ್ಲೇ ಬೈಕು ಕೊಂಡದ್ದು. ಪಂಪಣ್ಣ ಆಗ ಬದುಕಿರಲಿಲ್ಲ. ಬದುಕಿದ್ದರೆ ನನ್ನ ಪಾದ ನೋಡುತ್ತಿದ್ದರೋ ಬೈಕು ನೋಡುತ್ತಿದ್ದರೋ, ಹೇಳಲಾರೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಹುಲಿಗೆಮ್ಮನ ಫೋನು ಬಂತು.

“ಅಣ್ಣಾ, ನನ್ ತ್ವಾಟ ಈಗ ಯಾರ್ದು?”

“ಯಾಕವ್ವ, ರೊಕ್ಕ ಮುಟ್ಟೈತಲ್ಲ?”

“ರೊಕ್ಕ ಕೇಳಲಿಲ್ಲಣ್ಣ ನಾ. ಗೊನಿ ಹಣ್ಣಾಗಾಕ ಹತ್ಯಾವ. ಗಿಡ ವಾಲ್ಯಾವ, ನಾಕು ಬಿದ್ದು ಮರಿಗಂದು ಮುರ್ಕೊಂಡ್ವು. ಕಾಲವಿ ಬಂದ್ ಮಾಡ್ತಾರಂತ, ಡಂಗುರ ಹೊಡ್ದಾರ. ಅದರೊಳಗ ಗೊನಿ ಕಡದು, ಮರಿಗೆ ಗೊಬ್ರ ಕೊಟ್ಟು, ಮಣ್ಣು ಏರಿಸಿ ಒಂದ್ ನೀರು ಬಿಡ್ಬೇಕು. ಇಲ್ಲಂದ್ರ ಒಂದ್ ತಿಂಗ್ಳು ಒಣಗಿ ಬರೋ ವರ್ಸದ ಬೆಳಿ ಹೊಕ್ಕೈತಿ. ನಾ ಕಡೀಲೇನು?”

ನಮ್ಮ ಭಾಗದ ಕಾಲುವೆ ಬೇಸಿಗೆಯಲ್ಲಿ ರಿಪೇರಿಗೆಂದು ಬಂದ್ ಆಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು.

“ಕೈಗುರುತು ಬಿದ್ದ ತ್ವಾಟ, ನೀ ಮುಟ್ಟಬ್ಯಾಡವ್ವ. ತಡಿ, ಕೇಳಿ ಹೇಳ್ತೀನಿ” ಎಂದೆ.

ಸಾದಿಕ್ ಸಾಹೇಬರಿಗೆ ಫೋನು ಮಾಡಿದೆ. “ಗುರ್ತು ನಂದ ಐತಿ, ಖರೆ. ಆದ್ರ ತ್ವಾಟ ನಂದಲ್ಲಪ್ಪ. ಮಾರಿದ ಮಾಲಿಗೆ ಕುಡಗೋಲು ಹಾಕ್ಲೇನು?” ವೀರೇಶಪ್ಪ, “ನಾ ಮಾರಿ ಭಾಳ ದಿನ ಆತು, ಮತ್ತ್ಯಾಕ ಕೇಳ್ತಿ?” ಎಂದರು. ಸಂಡೂರಿನವ ಮದುವೆಯೊಂದರಲ್ಲಿದ್ದ, ಬ್ಯಾಂಡಿನ ಸದ್ದಿನಲ್ಲಿ “ಯಾವ ತ್ವಾಟ ಅಣ್ಣಾ?” ಎಂದು ಮೂರು ಸಲ ಕೇಳಿದ. ಅವನಿಗೆ ಖರೇನೇ ನೆನಪಿರಲಿಲ್ಲ. ಗಾದಿಗನೂರಿನ ಕಂಟ್ರಾಕ್ಟರ್ ನಕ್ಕ. “ಕಡಿಯೋದ್ಯಾಕ? ಯುಗಾದಿ ಆದ ಮ್ಯಾಲ ಮದುವಿ ಶುರುವಾಗ್ತಾವ. ದೂರದ ಪಾರ್ಟಿ ಒಬ್ಬ ಸಂಚಕಾರ ಕಳಿಸ್ಯಾನ, ಬಾಕಿ ನಾಡದಾ ಹಾಕ್ತಾನ. ನಿನಗೂ ಒಂದ್ ದಲ್ಲಾಳಿ ಬರ್ತೈತಿ, ಸುಮ್ನಿರು.”

“ಹಣ್ಣಾಗಾಕ ಹತ್ಯಾವ್ರಿ.”

“ನೀ ನೋಡಿಯೇನು?”

ನಾನು ನೋಡಿರಲಿಲ್ಲ. ಹೊಸಪೇಟೆಯಿಂದ ಬುಕ್ಕಸಾಗರಕ್ಕೆ ಅಂಥ ದೂರವೇನೂ ಇಲ್ಲ. ಬಾಗಿಲಲ್ಲಿ ಹೊಸ ಬೈಕು ನಿಂತಿತ್ತು. ಆದರೂ ನೋಡಿರಲಿಲ್ಲ.

ಈಗ ಕೇಳಿ, ನನ್ನ ತಪ್ಪು ಇಲ್ಲಿದೆ. ಕೊಂಡವರು ಯಾರೂ ಮುಂದೆ ಬಂದು ನಿಲ್ಲದ ತೋಟದಲ್ಲಿ ‘ಕಡೀರಿ’ ಎನ್ನುವ ಅಧಿಕಾರ ದಲ್ಲಾಳಿಗಿರುತ್ತದೆ. ಪಂಪಣ್ಣ ಎರಡು ಸಲ ಹಾಗೆ ಹೇಳಿ ಕಡಿಸಿದ್ದನ್ನು ನಾನೇ ಕಂಡಿದ್ದೆ. ನಾನು ಹೇಳಲಿಲ್ಲ. ಐದನೆಯ ದಲ್ಲಾಳಿ ಬರುವುದಿತ್ತು. ಹುಲಿಗೆಮ್ಮನಿಗೆ ಫೋನು ಮಾಡಿ, “ಎರಡು ದಿನ ತಡಿಯವ್ವ” ಎಂದೆ. ಎರಡು ದಿನದ ಮೇಲೆ ಮತ್ತೆ ಅದನ್ನೇ ಹೇಳಿದೆ. ಐದನೆಯವನ ಸಂಚಕಾರದಲ್ಲಿ ನನ್ನ ಪಾಲು ನನಗೆ ಬಂತು. ಬಾಕಿ ಹಣ ಬರಲಿಲ್ಲ. ಆಮೇಲೆ ಆ ಫೋನೂ ಹತ್ತಲಿಲ್ಲ. ಕಂಟ್ರಾಕ್ಟರ್ ಗಾಬರಿಯಾಗಿ, “ಇವತ್ತ ಕಡಸು, ಇವತ್ತ ಕಡಸು” ಎಂದು ಬೊಬ್ಬೆ ಹೊಡೆಯುವ ಹೊತ್ತಿಗೆ ಯುಗಾದಿ ಕಳೆದಿತ್ತು, ಕಾಲುವೆ ಬಂದ್ ಆಗಿ ಐದು ದಿನವಾಗಿತ್ತು.

ಹೋಗಿ ನೋಡಿದೆ. ಗುಡ್ಡದ ಬಂಡೆಗಳಿಂದ ಇಳಿದ ಮಂಗಗಳ ಹಿಂಡು ತೋಟದ ತುಂಬ ಕುಳಿತಿತ್ತು. ಅವು ಕೈಗುರುತು ಕೇಳುವುದಿಲ್ಲ. ಹಣ್ಣು ಬಿರಿದು ಜೇನ್ನೊಣ ಮುತ್ತಿದ್ದವು. ಭಾರಕ್ಕೆ ಬಿದ್ದ ತಾಯಿಗಿಡಗಳ ಕೆಳಗೆ ಮರಿಗಂದುಗಳು ಚಪ್ಪಟೆಯಾಗಿದ್ದವು. ನಿಂತವುಗಳ ಸುಳಿಯನ್ನು ಮಂಗಗಳು ಜಗ್ಗಿ ಎಸೆದಿದ್ದವು. ನೆಲ ಆಗಲೇ ಬಿರುಕುಬಿಡಲು ಶುರುವಾಗಿತ್ತು. ಹುಲಿಗೆಮ್ಮ ಬದುವಿನ ಮೇಲೆ ಕವಣೆ ಹಿಡಿದು ನಿಂತಿದ್ದಳು. ಕಲ್ಲು ಬೀಸುತ್ತಿರಲಿಲ್ಲ.

“ಬರ್ರಿ ದಲ್ಲಾಳಿಯವ್ರ” ಎಂದಳು.

ಹದಿನಾರು ವರ್ಷದಲ್ಲಿ ಆಕೆ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನಾನು ನಿಂತಲ್ಲೇ ಲೆಕ್ಕ ಹೇಳಲು ಹೋದೆ. ನಿನ್ನ ಹಣ ನಿನಗೆ ಮೊದಲೇ ಮುಟ್ಟಿದೆ, ನಷ್ಟವಾದದ್ದು ಕಂಟ್ರಾಕ್ಟರಿಗೆ ಎಂದೆ.

“ಹೌದ್ರಿ. ನನಗ ಏನೂ ನಷ್ಟ ಆಗಿಲ್ಲ. ಬರೋ ವರ್ಸ ಈ ಹೊಲ್ದಾಗ ಏನ್ ಕಡೀತೀರಿ, ಅದೊಂದ್ ಹೇಳ್ರಿ.”

ಐದು ಸಲದ ದಲ್ಲಾಳಿ ಅಷ್ಟನ್ನೂ ಕೊಡುತ್ತೇನೆ ಎಂದೆ.

“ರೊಕ್ಕ ಬ್ಯಾಡ. ನೆಲಕ್ಕ ರೊಕ್ಕ ಹುಗದ್ರ ಏಳ್ತೈತೇನ್ರಿ? ಕಂದು ತಂದ್ ಕೊಡ್ರಿ.”

ಕಂಪ್ಲಿಯ ಕಡೆ ಅಲೆದು, ಅಷ್ಟೂ ಒಳ್ಳೆಯ ಕಂದು ಆರಿಸಿ, ಕಾಲುವೆಗೆ ನೀರು ಬಿಟ್ಟ ವಾರ ಎರಡು ಟ್ರ್ಯಾಕ್ಟರಿನಲ್ಲಿ ತಂದು ನೆಡಿಸಿಕೊಟ್ಟೆ. ದಲ್ಲಾಳಿಯ ಹಣ ಸಾಲದೆ ಬೈಕು ಮಾರಿದೆ. ಆಕೆ ಒಂದೊಂದು ಕಂದನ್ನೂ ತಿರುಗಿಸಿ ನೋಡಿ, ಬುಡದಲ್ಲಿ ಹುಳು ಕೊರೆದ ಮೂವತ್ತನ್ನು ಪಕ್ಕಕ್ಕಿಟ್ಟು ವಾಪಸು ಕೊಟ್ಟಳು. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆ ದಿನ ಆ ಮೂವತ್ತನ್ನೂ ಮರಳಿ ಟ್ರ್ಯಾಕ್ಟರಿಗೆ ಹಾಕಿಸಿಕೊಂಡೆ. ಮರಿಗಂದಿನ ಬೆಳೆ ಎಂಟು ತಿಂಗಳಿಗೆ ಬರುತ್ತಿತ್ತು. ಹೊಸದಾಗಿ ನೆಟ್ಟದ್ದು ವರ್ಷ ದಾಟಿಸಿತು. ನಡುವಿನ ಆ ತಿಂಗಳುಗಳನ್ನು ನಾನು ಎಲ್ಲಿಂದಲೂ ತಂದುಕೊಡಲು ಆಗಲಿಲ್ಲ. ಆ ತಿಂಗಳುಗಳಲ್ಲಿ ಆಕೆ ಬೇರೆಯವರ ಗದ್ದೆಗೆ ನಾಟಿಗೆ ಹೋದಳು.

ಅದಾದ ಮೇಲೆ ಎರಡು ಹಂಗಾಮು ಮಾಡಿ ಕಸುಬು ಬಿಟ್ಟೆ. ಈಗ ಬೆಳಿಗ್ಗೆ ನಡಿಗೆಗೆ ಜೊತೆಯಾಗುವವರು ಶಿವಲಿಂಗಯ್ಯ ಮೇಷ್ಟ್ರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದವರು. ಒಂದು ದಿನ ಹೊಸಪೇಟೆಯ ಕಲ್ಯಾಣ ಮಂಟಪದಲ್ಲಿ ಶೇರು, ಫಂಡು ಬಗ್ಗೆ ಸಭೆ ಇದೆ, ಉಪ್ಪಿಟ್ಟೂ ಇದೆ ಎಂದು ಕರೆದುಕೊಂಡು ಹೋದರು. ವೇದಿಕೆಯ ಮೇಲೆ ಒಬ್ಬ ಹುಡುಗಿ ಚೆಂದಾಗಿ ವಿವರಿಸಿದಳು. ಗೆರೆಯೊಂದು ಮೇಲೆ ಮೇಲೆ ಹೋಗುವ ಚಿತ್ರ ತೋರಿಸಿ, “ನಿಮ್ಮ ಹಣ ದೇಶದ ಬೆಳವಣಿಗೆಯಲ್ಲಿ ಪಾಲುದಾರ” ಎಂದಳು. ನಾನು ಕೈ ಎತ್ತಿದೆ.

“ತಂಗೀ, ನಾನು ಇವತ್ತು ಒಂದ್ ಶೇರು ಕೊಂಡ್ನೆಂದ್ರ ಆ ರೊಕ್ಕ ಕಂಪನಿಗೆ ಹೊಕ್ಕೈತೇನವ್ವ?”

ಹುಡುಗಿ ಪ್ರಾಮಾಣಿಕಳು. “ಇಲ್ಲ ಅಂಕಲ್. ಕಂಪನಿ ಹೊಸದಾಗಿ ಶೇರು ಬಿಟ್ಟಾಗ ಕೊಂಡ್ರೆ ಕಂಪನಿಗೆ ಹೋಗುತ್ತೆ. ಮಾರ್ಕೆಟ್‌ನಲ್ಲಿ ಕೊಂಡ್ರೆ, ನಿಮಗೆ ಮಾರಿದವರಿಗೆ ಹೋಗುತ್ತೆ.”

“ಅವರಿಗೆ ಮಾರಿದವ್ರು?”

“ಅವರ ಹಿಂದಿನವರು.”

“ಹಂಗಾರ ಕಂಪನಿಯವರಿಗೆ ಬಂದಿದ್ದು ಮೊದಲ್ನೇ ಸಲದ್ದಷ್ಟ ಅಂದಂಗಾತು.”

“ಒಂಥರಾ ಹಾಗೇ ಅಂಕಲ್. ಆದರೆ ಆಮೇಲೆ ಮಾರೋದಕ್ಕೆ ಮಾರ್ಕೆಟ್ ಇದೆ ಅನ್ನೋ ಧೈರ್ಯ ಇದ್ರೇನೇ ಮೊದಲನೆಯವರು ಕೊಳ್ಳೋದು.”

ನಾನು ಕುಳಿತುಬಿಟ್ಟೆ. ಆಕೆ ಹೇಳಿದ್ದು ಸುಳ್ಳಲ್ಲ. ಸಾದಿಕ್ ಸಾಹೇಬರು ಪೂರ್ತಿ ಹಣ ಒಂದೇ ಕಂತಿನಲ್ಲಿ ಕೊಟ್ಟದ್ದು, ಬೇಕೆಂದಾಗ ಮಾರಬಹುದು ಎಂಬ ಧೈರ್ಯದಿಂದಲೇ ಇರಬೇಕು. ಆ ಹಣ ಇಲ್ಲದಿದ್ದರೆ ಹುಲಿಗೆಮ್ಮನ ಗೊಬ್ಬರವೂ ಇಲ್ಲ, ಮಾಳಿಗೆಯೂ ಇಲ್ಲ. ಹಾಗಾದರೆ ಎಷ್ಟನೆಯ ಮಾರಾಟದಲ್ಲಿ ಒಳ್ಳೆಯದು ಕೆಟ್ಟದಾಯಿತು? ಎರಡನೆಯದರಲ್ಲೋ, ನಾಲ್ಕನೆಯದರಲ್ಲೋ? ಮೇಷ್ಟ್ರಿಗೆ ಕೇಳಿದೆ. ಅವರು ಉಪ್ಪಿಟ್ಟು ತಿನ್ನುತ್ತಿದ್ದರು.

“ಅದು ನನಗೂ ಗೊತ್ತಿಲ್ಲೋ ಮಾರಾಯ. ಒಂದ್ ಮಾತು ಹೇಳ್ತೀನಿ. ನೀ ಐದು ಸಲ ತಗೊಂಡ ದಲ್ಲಾಳಿ ಐತಲ್ಲ, ಅದು ಸೇವೆ ಅಂತ ದೇಶದ ಉತ್ಪನ್ನದಾಗ ಸೇರ್ತೈತಿ. ಬೆಳವಣಿಗಿ.”

“ಮತ್ತ ಹಾಳಾದ ಬಾಳಿ?”

“ಅದು ಲೆಕ್ಕಕ್ಕ ಬರ್ಲಿಲ್ಲ ಅಷ್ಟ. ಮುರದ ಮರಿಗಂದು ಕಳಿಯೋ ಕಾಲಂ ಇಲ್ಲ. ಆಮ್ಯಾಲ ನೀ ಟ್ರ್ಯಾಕ್ಟರ್ ಬಾಡಿಗಿ, ಕೂಲಿ ಕೊಟ್ಯಲ್ಲ, ಅದೂ ಸೇರ್ತೈತಿ.”

“ಏನ್ರಿ ಮೇಷ್ಟ್ರ, ಹಂಗಾರ ಮಂಗ್ಯಾಗೋಳು ತ್ವಾಟ ಹಾಳ್ ಮಾಡಿದ್ರಿಂದ ದೇಶ ಬೆಳೀತೇನು?”

“ಮಂಗ್ಯಾನ ಯಾಕ ಬೈತಿ? ಎರಡು ದಿನ ತಡಿ ಅಂದಾವ ನೀನು” ಎಂದರು ಮೇಷ್ಟ್ರು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಟಿವಿಯಲ್ಲಿ ‘ಇವತ್ತು ಮಾರುಕಟ್ಟೆ ಏರಿತು’ ಎಂದಾಗ ನಾನು ಈಗ ಹಿಗ್ಗುವುದೂ ಇಲ್ಲ, ಹೆದರುವುದೂ ಇಲ್ಲ. ಏನು ಏರಿತು ಎಂದು ಯೋಚಿಸುತ್ತ ಕೂರುತ್ತೇನೆ. ಗೊನೆ ದಪ್ಪವಾಯಿತೋ, ಫೋಟೋದ ಬೆಲೆ ಏರಿತೋ? ಎರಡೂ ಒಟ್ಟಿಗೆ ಆಗುವುದುಂಟು, ಅದನ್ನೂ ನೋಡಿದ್ದೇನೆ. ಹೊರಗೆ ಕುಳಿತವನಿಗೆ ಯಾವುದು ಯಾವುದೆಂದು ಹೇಗೆ ಗೊತ್ತಾಗಬೇಕು? ನನಗಿಂತ ಓದಿದವರು ಇದನ್ನು ಬಿಡಿಸಿರಬಹುದು. ನನಗೆ ಬಿಡಿಸಲು ಬಂದಿಲ್ಲ. ಒಂದು ಗೊತ್ತು: ಐದು ಮಾರಾಟದಲ್ಲಿ ನಾಲ್ಕರ ಒಂದು ಪೈಸೆಯೂ ನೀರು ಕಟ್ಟಿದವಳಿಗೆ ಹೋಗಲಿಲ್ಲ, ಐದಕ್ಕೂ ಸೇರಿ ಆದ ತಡ ಪೂರ್ತಿ ಆಕೆಯ ಹೊಲಕ್ಕೇ ಹೋಯಿತು.

ಕಸುಬಿಗೆ ಹೊಸದಾಗಿ ಬರುವ ತಮ್ಮಂದಿರೇ, ತಂಗಿಯಂದಿರೇ, ಫೋನು ಬಿಡಿ ಎಂದು ನಾನು ಹೇಳುವುದಿಲ್ಲ, ಬಿಟ್ಟರೆ ಹೊಟ್ಟೆ ನಡೆಯುವುದಿಲ್ಲ. ಕೊಂಡವನು ಬಂದು ನಿಲ್ಲದ ತೋಟವನ್ನು ಎರಡನೆಯ ಸಲ ಮಾರಿಸಬೇಡಿ. ಬರಲು ಪುರುಸೊತ್ತಿಲ್ಲದವನಿಗೆ ಕಡಿಯಲೂ ಪುರುಸೊತ್ತಿರುವುದಿಲ್ಲ. ಹಳೆಯ ಫೋಟೋ ತೋರಿಸಿ ಹೊಸ ಬೆಲೆ ಕೇಳಬೇಡಿ. ಶೇರೇ ಕೊಳ್ಳಿ, ಸೈಟೇ ಕೊಳ್ಳಿ, ನಿಮ್ಮ ಹಣ ಮೊದಲು ಯಾರ ಕೈಗೆ ಹೋಗುತ್ತದೆಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಉಪ್ಪಿಟ್ಟು ತಿಂದು ಎದ್ದು ಬನ್ನಿ. ತೋಟದ ಮಾತುಕತೆಗೆ ಹೋದಾಗ ಬೆಲೆಗಿಂತ ಮೊದಲು ಕಾಲುವೆ ಯಾವತ್ತು ಬಂದ್ ಆಗುತ್ತದೆಂದು ವಿಚಾರಿಸಿ. ಅದಕ್ಕೆ ಹದಿನೈದು ದಿನ ಮೊದಲಿನ ಒಂದು ದಿನವನ್ನು ಕಾಗದದ ಮೇಲೆ ಬರೆಸಿ, ‘ಈ ದಿನ ದಾಟಿದರೆ ತೋಟದವರೇ ಕಡಿಯಬಹುದು, ಯಾರನ್ನೂ ಕೇಳಬೇಕಾಗಿಲ್ಲ’ ಎಂದು ಎಲ್ಲರ ಸಹಿ ಹಾಕಿಸಿ. ಆ ಕಾಗದವನ್ನು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ತೋಟದವರ ಕೈಗೆ ಕೊಟ್ಟು ಬನ್ನಿ.